ಒಂದೂವರೆ ಗಂಟೆಯ ನೀರು

ಬಂಟ್ವಾಳದಲ್ಲಿ ಪತ್ರಿಕೆಯ ವರದಿಗಾರನಾಗಿದ್ದ ವರ್ಷಗಳಲ್ಲಿ ನನ್ನ ಸುದ್ದಿಗಳಲ್ಲಿ ತಪ್ಪು ಕಡಿಮೆ. ಹೆಸರು, ಊರು, ಹೊತ್ತು, ಇನಿಶಿಯಲ್ ಎಲ್ಲವನ್ನೂ ಎರಡು ಸಲ ನೋಡಿಯೇ ಕವರಿಗೆ ಹಾಕಿ ಮಂಗಳೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆ. ಹಾಗಿದ್ದೂ ಒಂದು ವರದಿ ಪೂರ್ತಿ ಸುಳ್ಳಾಯಿತು. ಅದರಲ್ಲಿ ಸುಳ್ಳು ವಾಕ್ಯ ಒಂದೂ ಇರಲಿಲ್ಲ. ನಾನು ಹೋದದ್ದು ಆಗಸ್ಟ್ ತಿಂಗಳಲ್ಲಿ, ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಳದಂಗಡಿಯಿಂದ ಒಳಗೆ, ಜೀಪು ಬಿಟ್ಟು ಬೇರೆ ವಾಹನ ಹೋಗದ ದಾರಿಯಲ್ಲಿ ಒಂದು ಗುತ್ತಿನ ಮನೆ, ಊರಿನ ಹಳೆಯ ಯಜಮಾನಿಕೆಯ ದೊಡ್ಡ ಮನೆ. ಹಿಂದಿನ ಗುಡ್ಡದಿಂದ ತೋಡು, ಸಣ್ಣ ಹಳ್ಳ, ಇಳಿಯುತ್ತದೆ. ಮನೆಯ ಯಜಮಾನರು ಆ ತೋಡಿನ ನೀರನ್ನು ದಪ್ಪ ಪೈಪಿನಲ್ಲಿ ಕೆಳಗಿಳಿಸಿ, ಕಬ್ಬಿಣದ ಚಕ್ರವೊಂದಕ್ಕೆ ಹೊಡೆಸಿ, ಅದರಿಂದ ಕರೆಂಟು ತೆಗೆದಿದ್ದರು. ಆ ಕಡೆಗೆ ಸರಕಾರಿ ಲೈನು ಬಂದು ಹತ್ತು ವರ್ಷವಾಗಿತ್ತು. ಆದರೆ ಅದು ಲೈನಿನ ಕೊನೆಯ ಮನೆ. ಸಂಜೆಯಾದರೆ ಬಲ್ಬಿನೊಳಗೆ ಕೆಂಪು ಎರೆಹುಳವೊಂದು ಮಲಗಿದ ಹಾಗೆ ಕಾಣುತ್ತಿತ್ತು. ಯಜಮಾನರ ಚಕ್ರ ತಿರುಗಿದ ದಿನ ಚಾವಡಿಯಲ್ಲಿ ಸೂಜಿಗೆ ನೂಲು ಪೋಣಿಸುವಷ್ಟು ಬೆಳಕು ಬಂತು. ಅವರಿಗೆ ಹಳೆಯ ಸಿಟ್ಟಿತ್ತು, ಹೊಸ ಸಂತೋಷವೂ ಸೇರಿತು. ಎರಡೂ ಒಟ್ಟಿಗೆ ತಲೆಗೇರಿದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನು ಮಾಡಿದರು. ಲೈನು ಬೇಡವೆಂದು ಅರ್ಜಿ ಬರೆದರು, ಮೀಟರು ಕಳಚಿಸಿದರು, ಅದನ್ನು ತಾವೇ ಕಚೇರಿಗೆ ಒಯ್ದು ಮೇಜಿನ ಮೇಲಿಟ್ಟು, "ಇದು ನಿಮ್ಮದು, ನೀವೇ ಇಟ್ಟುಕೊಳ್ಳಿ" ಎಂದು ಹೇಳಿ ಬಂದರು.

ಅದು ಸುದ್ದಿ. ನಾನು ಹೋದೆ. ತೋಡು ಉಕ್ಕಿ ಹರಿಯುತ್ತಿತ್ತು. ಪೈಪಿನ ಬಾಯಿಯಿಂದ ನೀರು ಬರುವ ರಭಸಕ್ಕೆ ಮಾತು ಕೇಳುತ್ತಿರಲಿಲ್ಲ. ಯಜಮಾನರು ಒದ್ದೆ ಚಕ್ರದ ಪಕ್ಕದಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ನಿಂತರು. ಕ್ಲಿಕ್ಕಿಸಿದೆ.

ಹೊರಡುವಾಗ ಅವರ ಅಕ್ಕ ಮಜ್ಜಿಗೆ ತಂದುಕೊಟ್ಟರು. ಅಳಿಯಕಟ್ಟಿನ ಮನೆ ಅದು. ಅಂದರೆ ಮನೆ ಹೆಂಗಸರ ಕಡೆಯಿಂದ ಬಂದದ್ದು, ಪತ್ರ ಅಕ್ಕನ ಹೆಸರಿನಲ್ಲಿ. ಯಜಮಾನಿಕೆ ಮಾತ್ರ ತಮ್ಮನದು. ಮನೆ ಅವರದು, ಭಾಷಣ ಇವರದು ಎಂದರೆ ಹೆಚ್ಚು ಸರಿ.

"ಫೋಟೋ ತೆಗೆದಾಯ್ತಾ?" ಅಕ್ಕ ಕೇಳಿದರು.

"ಆಯ್ತು."

"ಪೈಪಿನಲ್ಲಿ ನೀರು ಚಂದ ಬಂತಾ?"

"ಭರ್ಜರಿ."

"ಹಾಗಾದ್ರೆ ಏಪ್ರಿಲಿನಲ್ಲಿ ಇನ್ನೊಮ್ಮೆ ಬನ್ನಿ. ಆಗ ಕ್ಯಾಮರಾವನ್ನು ಪೈಪಿನ ಒಳಗೇ ಇಟ್ಟು ತೆಗೀಬಹುದು."

"ಅಕ್ಕನಿಗೆ ಯಾವಾಗ್ಲೂ ತಮಾಷೆ" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ. ನೋಟ್ ಪುಸ್ತಕದಲ್ಲಿ ಆ ಮಾತನ್ನು ಬರೆದುಕೊಂಡಿದ್ದೆ, ವರದಿಯಲ್ಲಿ ಹಾಕಲಿಲ್ಲ. ಬೇಸಿಗೆಯಲ್ಲಿ ತೋಡು ಬತ್ತುತ್ತದೆ ಎಂಬುದು ಸುದ್ದಿಯೇ? ಆ ಊರಿನ ದನಗಳಿಗೂ ಗೊತ್ತಿದ್ದ ಸಂಗತಿ ಅದು. ಎಲ್ಲರಿಗೂ ಗೊತ್ತಿರುವುದನ್ನು ಬರೆಯಬಾರದು ಎಂದು ನಮಗೆ ಕಲಿಸಿದ್ದರು. ಎಲ್ಲರಿಗೂ ಗೊತ್ತಿರುವುದನ್ನು ಎಲ್ಲರೂ ಸೇರಿ ಮರೆಯಬಲ್ಲರು ಎಂಬುದನ್ನು ಕಲಿಸಿರಲಿಲ್ಲ.

"ಮೀಟರ್ ಮರಳಿಸಿದ ಮನೆ" ಎಂದು ದೊಡ್ಡ ಅಕ್ಷರದಲ್ಲಿ ಬಂತು. ಡೆಸ್ಕಿನವರಿಗೆ ಪ್ರಾಸ ಸಿಕ್ಕಿದರೆ ಆ ದಿನ ಊಟ ಬೇಡ. ಆಮೇಲೆ ಆ ಮನೆಗೆ ಜನ ಬರತೊಡಗಿದರು. ಮೂಡಬಿದಿರೆಯಿಂದ ಕಾಲೇಜಿನ ಮಕ್ಕಳು ಅಧ್ಯಯನ ಪ್ರವಾಸಕ್ಕೆ ಬಂದರು, ಬೆಳ್ತಂಗಡಿಯ ಸಂಘದವರು ಬಂದರು, ದೂರದ ಪೇಟೆಗಳಿಂದ ಪರಿಸರದವರು ಬಂದರು. ಎಲ್ಲರೂ ಬಂದದ್ದು ಆಗಸ್ಟಿನಿಂದ ಡಿಸೆಂಬರಿನ ಒಳಗೆ. ಸೆಕೆಯಲ್ಲಿ ಅಧ್ಯಯನ ಮಾಡುವವರು ಯಾರೂ ಇಲ್ಲ. ಯಜಮಾನರು ಪ್ರತಿಯೊಬ್ಬರಿಗೂ ಮೀಟರು ಮೇಜಿನ ಮೇಲಿಟ್ಟ ಕತೆ ಹೇಳಿದರು. ಹೇಳಿದ ಹಾಗೆಲ್ಲ ಮೇಜು ದೊಡ್ಡದಾಯಿತು, ಕೂತಿದ್ದ ಅಧಿಕಾರಿಯೂ ದೊಡ್ಡವನಾದ. ನಾನು ಮೂರನೆಯ ಸಲ ಕೇಳುವಾಗ ಆ ಅಧಿಕಾರಿ ಎದ್ದು ನಿಂತು ಕೈಮುಗಿದಿದ್ದ.

ಎರಡು ವರ್ಷ ಕಳೆದ ಮೇಲೆ ಒಂದು ಮಾರ್ಚಿನ ಕೊನೆಗೆ ನಾನು ಮಡಂತ್ಯಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಾಯುವುದೆಂದರೆ ಕಾಕನ ಅಂಗಡಿಯಲ್ಲಿ ಕೂರುವುದು. ಕಾಕ ವಯಸ್ಸಾದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಬ್ಯಾಟರಿ, ವಯರು, ಮೋಟಾರು ರಿಪೇರಿಯ ಅಂಗಡಿ. ಇಪ್ಪತ್ತು ವರ್ಷ ಗಲ್ಫಿನಲ್ಲಿ ಜನರೇಟರ್ ಕೆಲಸ ಮಾಡಿ ಬಂದವರು. ಯಂತ್ರಗಳ ಮೇಲೆ ಅವರಿಗೆ ಪ್ರೀತಿ ಇತ್ತು, ನಂಬಿಕೆ ಇರಲಿಲ್ಲ. ನಾನು ಕೂತಿದ್ದ ಹಾಗೆ ಗುತ್ತಿನ ಜೀಪು ಬಂದು ನಿಂತಿತು. ಚಾಲಕ ಹಿಂದಿನಿಂದ ಭಾರದ್ದೇನನ್ನೋ ಇಳಿಸಿದ. ಅದರ ಮೇಲೆ ಗೋಣಿ ಹೊದಿಸಿತ್ತು. ಒಳಗೆ ಒಯ್ದು, ಅಷ್ಟೇ ಭಾರದ ಇನ್ನೊಂದನ್ನು ಅದೇ ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋದ. ನನ್ನ ಮುಖ ನೋಡಲಿಲ್ಲ.

"ಎಂಥದು ಕಾಕ ಅದು?"

"ಎಂಥದ್ದೂ ಇಲ್ಲ. ಹಲಸಿನಕಾಯಿ."

"ಹಲಸಿನಕಾಯಿಗೆ ಕ್ಲಿಪ್ಪು ಹಾಕಿದ್ರಲ್ಲ?"

ಕಾಕ ಬೀಡಿ ಬಾಯಿಂದ ತೆಗೆದು ನಕ್ಕರು. "ಬನ್ನಿ ಪೇಪರಿನವ್ರೇ, ಒಳಗೆ ಬನ್ನಿ." ಒಳಗಿನ ಗೋಡೆಯಲ್ಲಿ ನನ್ನ ವರದಿ ಅಂಟಿಸಿತ್ತು. ಬಿಳಿ ಅಂಗಿಯ ಯಜಮಾನರು, ಚಕ್ರ, ನೀರು. ಸರಿಯಾಗಿ ಅದರ ಕೆಳಗೆ ಲಾರಿಯ ಬ್ಯಾಟರಿಯೊಂದು ಚಾರ್ಜಿಗೆ ಕೂತಿತ್ತು. "ನೀವು ಬರೆದದ್ದನ್ನು ನಾನು ಮರ್ಯಾದೆಯಿಂದ ಇಟ್ಟಿದ್ದೇನೆ ನೋಡಿ. ಅದರ ಅಡಿಯಲ್ಲೇ ಅವರ ಬ್ಯಾಟರಿ ಇಡುವುದು. ಶಿವರಾತ್ರಿ ಕಳೆದ್ರೆ ದಿನ ಬಿಟ್ಟು ದಿನ ಬರ್ತದೆ. ಎರಡು ಬ್ಯಾಟರಿ. ಒಂದು ಅಲ್ಲಿ, ಒಂದು ಇಲ್ಲಿ."

"ಅಂದ್ರೆ ಅವರ ಮನೆಗೆ ಸರಕಾರಿ ಕರೆಂಟೇ?"

"ಸರಕಾರಿಯೇ. ಜೀಪಿನಲ್ಲಿ ಹೋಗ್ತದೆ, ಅಷ್ಟೇ ವ್ಯತ್ಯಾಸ. ಗೋಣಿ ಹಾಕಿಕೊಂಡು."

ಕಾಕನಿಗೆ ಆ ಗೋಣಿಯದ್ದೇ ಬೇಸರ. ಬ್ಯಾಟರಿ ಇಡುವುದು ತಪ್ಪಲ್ಲ, ಅದನ್ನು ಅಡಗಿಸುವುದು ತಪ್ಪು ಎನ್ನುವವರು. "ಗಲ್ಫಿನಲ್ಲಿ ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ಮೂರು ಜನರೇಟರ್ ಇತ್ತು. ಒಂದು ಓಡ್ಲಿಕ್ಕೆ. ಇನ್ನೊಂದು ಅದು ನಿಂತ್ರೆ."

"ಮೂರನೆಯದ್ದು?"

"ಅರಬಿಗೆ ನಿದ್ದೆ ಬರ್ಲಿಕ್ಕೆ. ನಮ್ಮವರಿಗೆ ಒಂದೇ ಇದ್ರೂ ನಿದ್ದೆ ಬರ್ತದೆ ಮಾರಾಯ್ರೇ. ಅದೇ ತೊಂದರೆ."

ಇದನ್ನು ಬರೆಯಲೇ ಎಂದು ಕೇಳಿದೆ. ಕಾಕ ಕೈಮುಗಿದರು. "ಬೇಡ. ಯಜಮಾನ್ರ ಮುಖಕ್ಕಾಗಿ ಅಲ್ಲ, ಅಕ್ಕನ ಮೊಟ್ಟೆಗಾಗಿ. ಬರೆದ್ರೆ ಯಜಮಾನ್ರು ಆ ಹೊತ್ತಿಗೇ ಬ್ಯಾಟರಿ ನಿಲ್ಲಿಸ್ತಾರೆ. ಮೊಟ್ಟೆ ಹಾಳಾಗ್ತದೆ."

ಮೊಟ್ಟೆಯ ವಿಷಯ ಹೀಗೆ. ಹಿಂದಿನ ವರ್ಷ ಆ ಕಡೆ ಕೋಳಿಗಳಿಗೆ ರೋಗ ಬಂದು ಹಟ್ಟಿಗಳು ಖಾಲಿಯಾಗಿದ್ದವು. ಪೇಟೆಯ ಬಿಳಿ ಕೋಳಿ ಬೇಕಾದಷ್ಟು ಸಿಗುತ್ತಿತ್ತು, ಆದರೆ ಊರ ಕೋಳಿ ಬೇರೆಯೇ. ಊರ ಕೋಳಿ ಇಲ್ಲದೆ ನಮ್ಮಲ್ಲಿ ದೈವವೂ ಒಪ್ಪುವುದಿಲ್ಲ, ನೆಂಟನೂ ಒಪ್ಪುವುದಿಲ್ಲ. ಉಳಿದ ನಾಲ್ಕಾರು ಹೇಂಟೆಗಳು ಇಟ್ಟ ಮೊಟ್ಟೆಗಳನ್ನು ಸುತ್ತಲಿನ ಹತ್ತು ಹನ್ನೆರಡು ಮನೆಯ ಹೆಂಗಸರು, ಒಕ್ಕಲಿನವರು, ಬ್ಯಾರಿಗಳು, ಎಲ್ಲರೂ ಅಕ್ಕನಿಗೆ ತಂದುಕೊಟ್ಟಿದ್ದರು. ಅಕ್ಕನ ಹತ್ತಿರ ಮರಿ ಮಾಡುವ ಪೆಟ್ಟಿಗೆ ಇತ್ತು: ಹಳೆಯ ಮರದ ಕಪಾಟಿಗೆ ನರಿಕೊಂಬಿನ ರೇಡಿಯೋ ರಿಪೇರಿಯವರೊಬ್ಬರು ಬಲ್ಬು ಕೂರಿಸಿ, ಬಿಸಿ ಹೆಚ್ಚಾದರೆ ತಾನೇ ಆರುವ ಹಾಗೆ ಮಾಡಿಕೊಟ್ಟದ್ದು. ಇಪ್ಪತ್ತೊಂದು ದಿನ ಹದವಾದ ಬಿಸಿ ತಪ್ಪಬಾರದು. ಲೆಕ್ಕಾಚಾರ ಹಳೆಯ ಕ್ರಮದ್ದೇ, ಪಾಲಿಗೆ ಕೊಡುವುದು. ಹುಟ್ಟಿದ ಮರಿಯಲ್ಲಿ ಅರ್ಧ ಮೊಟ್ಟೆಯ ಮನೆಗೆ, ಅರ್ಧ ಅಕ್ಕನಿಗೆ. ಒಂದೊಂದು ಮೊಟ್ಟೆಯ ಮೇಲೂ ಪೆನ್ಸಿಲಿನಲ್ಲಿ ಮನೆಯ ಗುರುತು ಹಾಕಿದ್ದರು. ಮಳೆಗಾಲದ ಮೊದಲು ಮರಿ ಕೊಡುತ್ತೇನೆಂದು ಹನ್ನೆರಡು ಮನೆಗೆ ಮಾತು ಕೊಟ್ಟಿದ್ದರು. ಆ ಮನೆಗಳಿಗೆ ಉಳಿದ ತಳಿ ಅದೊಂದೇ.

ಆ ಮೊಟ್ಟೆಗಳು ಪೆಟ್ಟಿಗೆಯಲ್ಲಿದ್ದಾಗಲೇ ಯಜಮಾನರಿಗೆ ಸನ್ಮಾನ ಬಂತು.

ನಮ್ಮ ಜಿಲ್ಲೆಯಲ್ಲಿ ಸನ್ಮಾನದಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಲವತ್ತು ದಾಟಿ, ಯಾರಿಗೂ ಹೊಡೆಯದೆ ಇದ್ದರೆ ಒಂದಲ್ಲ ಒಂದು ದಿನ ಶಾಲು ಬಿದ್ದೇ ಬೀಳುತ್ತದೆ. ತಾಲೂಕಿನ ಸಂಘವೊಂದು ಯಜಮಾನರಿಗೆ "ಸ್ವಾವಲಂಬಿ ಬೆಳಕಿನ ಸಾಧಕ" ಎಂದು ಸನ್ಮಾನ ಮಾಡುವುದಾಗಿ ನಿಶ್ಚಯಿಸಿತು. ಅದೂ ಅವರ ಮನೆಯಂಗಳದಲ್ಲೇ, ಅವರದೇ ಕರೆಂಟಿನಲ್ಲಿ. ಬೆಂಗಳೂರಿನಿಂದ ಬರುವ ಮುಖ್ಯ ಅತಿಥಿಗಳು ತೀರ್ಥಯಾತ್ರೆಗೆಂದು ಈ ಕಡೆ ಬರುವುದು ಏಪ್ರಿಲಿನಲ್ಲಿ. ಹಾಗಾಗಿ ಸನ್ಮಾನವೂ ಏಪ್ರಿಲಿನ ಒಂದು ಭಾನುವಾರ. ನೀರಿನಿಂದ ಬೆಳಕು ಮಾಡಿದ ಮನುಷ್ಯನನ್ನು ನೀರಿಲ್ಲದ ತಿಂಗಳಲ್ಲಿ ಹೊಗಳುವುದು. ದಿನ ನೋಡಿದವರು ರಾಹುಕಾಲ ನೋಡಿದ್ದರು, ತೋಡು ನೋಡಿರಲಿಲ್ಲ.

ತೋಡು ಪೂರ್ತಿ ಬತ್ತಿರಲಿಲ್ಲ. ಮೇಲ್ಗಡೆ ಕಟ್ಟ ಇತ್ತು. ಸುಗ್ಗಿ ಬೆಳೆಗೆಂದು ರೈತರು ಒಟ್ಟು ಸೇರಿ ಕಲ್ಲು ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುವ ಒಡ್ಡು ಅದು. ಅಲ್ಲಿ ನಿಂತ ನೀರು ಗದ್ದೆಗಳಿಗೆ ಪಾಳಿಯ ಮೇಲೆ ಹೋಗುತ್ತದೆ. ಇಂಥ ದಿನ ಇಂಥವರಿಗೆ, ಇಷ್ಟು ಹೊತ್ತು. ಈ ಪಾಳಿ ಅಜ್ಜಂದಿರ ಕಾಲದ್ದು. ಗುತ್ತಿನವರಿಗೂ ಪಾಳಿಯೇ, ಒಕ್ಕಲಿಗೂ ಪಾಳಿಯೇ. ಗುತ್ತಿನ ಪಾಳಿಯ ನೀರು ಸಿಕ್ಕಿದ ದಿನ ಚಕ್ರ ಒಂದಿಷ್ಟು ತಿರುಗುತ್ತಿತ್ತು; ಉಳಿದ ದಿನ ಗೋಣಿಯ ಬ್ಯಾಟರಿ.

ಯಜಮಾನರು ಕಟ್ಟದವರ ಹತ್ತಿರ ಹೋಗಿ ಒಂದು ವ್ಯವಸ್ಥೆ ಮಾಡಿದರು. ಮುಂದಿನ ಮೂರು ದಿನದ ತಮ್ಮ ನೀರನ್ನು ಮುಂಗಡವಾಗಿ ಕೇಳಿದರು. ಕಟ್ಟದವರು ಒಪ್ಪಿದರು, ಆದರೆ ಅಳತೆ ಮಾಡಿ ಒಪ್ಪಿದರು. ಭಾನುವಾರ ಅತಿಥಿಗಳು ಬಂದಾಗ ಹೊಡೆಯುವ ಗರ್ನಾಲು ಸಿಡಿಮದ್ದಿನ ಶಬ್ದ ಕೇಳಿದ ಕೂಡಲೇ ಬಿಡುತ್ತೇವೆ, ಒಂದೂವರೆ ಗಂಟೆಯ ನೀರು, ಆಮೇಲೆ ಬುಧವಾರದ ತನಕ ಒಂದು ತೊಟ್ಟೂ ಕೇಳಬೇಡಿ ಎಂದರು. ಯಜಮಾನರಿಗೆ ಒಂದೂವರೆ ಗಂಟೆ ಬೇಕಾದಷ್ಟಾಯಿತು. ಅವರು ಅದಕ್ಕೆ ಮುಂಚೆ ಎಂದೂ ಸನ್ಮಾನ ಮಾಡಿಸಿಕೊಂಡವರಲ್ಲ.

ಮೈಕಿನವರನ್ನು ಮೂಡಬಿದಿರೆಯಿಂದ ಕರೆಸಿದ್ದರು. ಭಾನುವಾರ ಬೆಳಿಗ್ಗೆ ನಾನು ತಲುಪುವಾಗ ಅಂಗಳದಲ್ಲಿ ಅವರಿಗೂ ಯಜಮಾನರಿಗೂ ಮಾತು ನಡೆಯುತ್ತಿತ್ತು. ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಜನರೇಟರ್ ವ್ಯಾನಿನಲ್ಲೇ ಉಂಟು ಧಣಿ. ಇಳಿಸಿ ಹಿಂದೆ ಇಡುವ. ಬಾಡಿಗೆ ಬೇಡ, ಸುಮ್ಮನೆ ಇರ್ಲಿ."

"ಇಳಿಸಿದ್ರೆ ನೋಡು! ಜನ ಎಂತ ಹೇಳಿಯಾರು? ನಾನು ಮೀಟರು ವಾಪಸ್ ಕೊಟ್ಟವ."

"ಮೀಟರಿಗೂ ಇದಕ್ಕೂ ಎಂತ ಸಂಬಂಧ ಧಣಿ? ಇದು ಡೀಸೆಲ್."

"ವ್ಯಾನು ಗೇಟಿನ ಹೊರಗೆ ನಿಲ್ಲಿಸು."

ಮೈಕಿನವ ನನ್ನ ಕಡೆ ತಿರುಗಿದ. "ಮೂವತ್ತು ವರ್ಷ ಆಯ್ತು ಸಾರ್, ಮದುವೆ, ಯಕ್ಷಗಾನದ ಆಟ, ಚುನಾವಣೆ ಎಲ್ಲ ಮಾಡಿದ್ದೇನೆ. ಜನರೇಟರಿಗೆ ಇಷ್ಟು ಅವಮಾನ ಎಲ್ಲೂ ಆಗ್ಲಿಲ್ಲ." ವ್ಯಾನು ಗೇಟಿನಿಂದ ಹೊರಗೆ, ತಿರುವಿನ ಆಚೆ ಹೋಗಿ ನಿಂತಿತು.

ಮನೆಯ ಎದುರಿಗೆ ಬಣ್ಣದ ಬಲ್ಬುಗಳ ಕಮಾನು ಕಟ್ಟಿದ್ದರು. ಬೆಳಿಗ್ಗೆ ಹತ್ತೂವರೆಯ ಬಿಸಿಲಿನಲ್ಲಿ ಉರಿಸುವುದಕ್ಕೆ. ವೇದಿಕೆಗೆ ಎರಡು ಫ್ಯಾನು, ಮೈಕು, ಯಜಮಾನರ ಸಾಧನೆಯನ್ನು ತೋರಿಸುವ ಟಿ.ವಿ. ಕಾಕ ಎರಡನೆಯ ಸಾಲಿನಲ್ಲಿ ಬಿಳಿ ಟೊಪ್ಪಿ ಹಾಕಿ ಕೂತಿದ್ದರು. ಆ ದಿನ ಬ್ಯಾಟರಿ ಬದಲಿಸಬೇಕಾದ ದಿನವಾಗಿತ್ತು. ಆದರೆ ಜೀಪು ಅತಿಥಿಗಳನ್ನು ಕರೆತರಲು ಹೋಗಿತ್ತು. ಚಾರ್ಜಾದ ಬ್ಯಾಟರಿ ಮಡಂತ್ಯಾರಿನಲ್ಲಿ, ಬೀಗ ಹಾಕಿದ ಅಂಗಡಿಯೊಳಗೆ, ನನ್ನ ವರದಿಯ ಕೆಳಗೆ ಕೂತಿತ್ತು.

ನೀರು ಕುಡಿಯಲು ಹಿಂದಿನ ಕೋಣೆಗೆ ಹೋದಾಗ ಅಕ್ಕ ಪೆಟ್ಟಿಗೆಯ ಎದುರು ನಿಂತಿದ್ದರು. ಗಾಜಿನ ಹಿಂದೆ ಮೊಟ್ಟೆಗಳ ಮೂರು ಸಾಲು.

"ಇವತ್ತಿಗೆ ಹದಿನೆಂಟು ದಿನ" ಎಂದರು. "ಇನ್ನು ಮೂರು ದಿನ ದಾಟಿದ್ರೆ ಸಾಕು. ಬ್ಯಾಟರಿಯಲ್ಲಿ ರಾತ್ರಿವರೆಗೆ ಉಂಟು. ಸಂಜೆ ಜೀಪು ಹೋಗಿ ಇನ್ನೊಂದು ತರ್ತದೆ."

ಕೋಣೆಯ ಮೂಲೆಯಲ್ಲಿ ಮೂರು ಬುಟ್ಟಿಗಳಿದ್ದವು. ಮೂರರಲ್ಲೂ ಒಂದೊಂದು ಹೇಂಟೆ ಕಾವಿಗೆ ಕೂತಿತ್ತು. ಒಂದು ನನ್ನನ್ನು ನೋಡಿ ಗರಿ ಉಬ್ಬಿಸಿತು.

"ಇವು ಯಾಕೆ ಅಕ್ಕ, ಪೆಟ್ಟಿಗೆ ಇರುವಾಗ?"

"ಸುಮ್ಮನೆ ಕೂತಿವೆ. ಅಡಿಯಲ್ಲಿ ಮೊಟ್ಟೆ ಇಲ್ಲ, ಬಿಳಿ ಕಲ್ಲು ಇಟ್ಟಿದ್ದೇನೆ." ಕಾರಣ ಕೇಳುವಷ್ಟರಲ್ಲಿ ಹೊರಗೆ ಜೀಪಿನ ಹಾರ್ನ್ ಕೇಳಿಸಿತು.

ಅತಿಥಿಗಳು ಇಳಿದ ಕೂಡಲೇ ಗರ್ನಾಲು ಹೊಡೆದರು. ಗುಡ್ಡ ಮಾರ್ದನಿಸಿತು. ಮೇಲೆ ಕಟ್ಟದವರು ಮಾತಿಗೆ ತಪ್ಪದೆ ನೀರು ಬಿಟ್ಟರು. ಐದು ನಿಮಿಷದಲ್ಲಿ ಚಕ್ರ ತಿರುಗಿತು, ಕಮಾನು ಉರಿಯಿತು, ಫ್ಯಾನು ಸುತ್ತಿತು. ಜನ ಚಪ್ಪಾಳೆ ಹೊಡೆದರು. ಅಲ್ಲಿಯ ತನಕ ಎಲ್ಲ ಸರಿ.

ಆಮೇಲೆ ಯಜಮಾನರು ಅತಿಥಿಗಳನ್ನು ತಿಂಡಿಗೆ ಕರೆದುಕೊಂಡು ಹೋದರು.

ಇದನ್ನು ಬೇರೆ ಊರಿನವರಿಗೆ ವಿವರಿಸುವುದು ಕಷ್ಟ. ನಮ್ಮಲ್ಲಿ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ವೇದಿಕೆ ಹತ್ತಿಸುವ ಕ್ರಮವಿಲ್ಲ. ನೀರು ಬಿಡಿಸಿ ಆಗಿದೆ, ನಿಮಿಷಕ್ಕೆ ನಿಮಿಷ ಅದು ಕೆಳಗೆ ಹೋಗುತ್ತಿದೆ ಎಂದು ಯಜಮಾನರಿಗೆ ಗೊತ್ತಿತ್ತು. ಹಾಗೆಂದು ಮೂಡೆ ಬೇಡವೇ, ಬನ್ಸ್ ಬೇಡವೇ? ಅತಿಥಿಗಳು ನಾಲ್ಕು ತಿಂದು ಸಾಕೆಂದರು. "ಛೆ ಛೆ, ಇದು ಎಂತ ತಿಂದದ್ದು!" ಎಂದು ಯಜಮಾನರು ಇನ್ನೆರಡು ಬಡಿಸಿದರು. ಆಚೆ ಅಂಗಳದಲ್ಲಿ ಖಾಲಿ ವೇದಿಕೆಯ ಮೇಲೆ ಎರಡು ಫ್ಯಾನುಗಳು ಖಾಲಿ ಕುರ್ಚಿಗಳಿಗೆ ಗಾಳಿ ಹಾಕುತ್ತಿದ್ದವು. ಕಾಕ ಗಡಿಯಾರ ನೋಡಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ನಲವತ್ತು ನಿಮಿಷದ ನೀರು ತಿಂಡಿಗೆ ಹೋಯ್ತು ಪೇಪರಿನವ್ರೇ. ಕಾಪಿ ಇನ್ನೂ ಬರ್ಲಿಲ್ಲ."

ಉಳಿದ ನೀರಿನಲ್ಲಿ ಪ್ರಾರ್ಥನೆ ಆಯಿತು, ದೀಪ ಬೆಳಗಿಸಿದರು, ಸ್ವಾಗತ ಭಾಷಣದಲ್ಲಿ ವೇದಿಕೆಯ ಮೇಲಿದ್ದವರನ್ನೂ ಕೆಳಗಿದ್ದವರನ್ನೂ ಒಬ್ಬೊಬ್ಬರನ್ನೇ ಸ್ವಾಗತಿಸಿದರು. ಸನ್ಮಾನ ಪತ್ರ ಓದಲು ನಿವೃತ್ತ ಹೆಡ್‌ಮಾಸ್ತರರೊಬ್ಬರು ಎದ್ದರು. ಅವರದು ಶುದ್ಧವಾದ, ನಿಧಾನವಾದ ಕನ್ನಡ. ತಲೆಗೆ ಪೇಟ, ಹೆಗಲಿಗೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ ಹೊತ್ತು ಯಜಮಾನರು ಕೂತಿದ್ದರು. ಮೂರನೆಯ ಪ್ಯಾರಾದಲ್ಲಿ ಕಮಾನಿನ ಬಲ್ಬುಗಳು ಕೆಂಪಗಾದವು. ಹಳೆಯ ಎರೆಹುಳ, ಈ ಸಲ ನೂರಾರು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಯಿತು. ಮೈಕು ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಹೆಡ್‌ಮಾಸ್ತರರು ಅದನ್ನು ಗಮನಿಸದೆ ಓದುತ್ತಲೇ ಇದ್ದರು, ಬಾಯಿ ಅಲ್ಲಾಡುತ್ತಿತ್ತು.

ಮುಖ್ಯ ಅತಿಥಿಗಳ ಭಾಷಣ ಇನ್ನೂ ಆಗಿರಲಿಲ್ಲ. ಯಜಮಾನರು ಬುಟ್ಟಿ ಕೆಳಗಿಟ್ಟು ಎದ್ದರು. ತಿರುವಿನ ಆಚೆ ವ್ಯಾನು ಇತ್ತು, ಅದರಲ್ಲಿ ಜನರೇಟರು ಇತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಅವರು ಮೈಕಿನವನ ಕಿವಿಯಲ್ಲಿ ಬೇರೆಯೇ ಮಾತು ಹೇಳಿದರು: "ನಿನ್ನ ಮೈಕು ಬ್ಯಾಟರಿಯಲ್ಲಿ ಓಡ್ತದಲ್ಲ?"

"ಓಡ್ತದೆ ಧಣಿ. ಆದ್ರೆ ಜನರೇಟರ್..."

"ಬ್ಯಾಟರಿ ನನ್ನದು. ಬಾ."

ನಾನು ಹಿಂದಿನಿಂದ ಹೋದೆ. ಅದು ನನ್ನ ಕೆಲಸ. ಯಜಮಾನರು ಪೇಟ ಸಮೇತ ಹಿಂದಿನ ಕೋಣೆಗೆ ನುಗ್ಗಿ ಬ್ಯಾಟರಿಯ ವಯರಿಗೆ ಕೈ ಹಾಕಿದರು. ಪೆಟ್ಟಿಗೆಯೊಳಗಿನ ಬೆಳಕು ಆರಿತು. ಅಕ್ಕ ಬಾಗಿಲಲ್ಲಿ ನಿಂತರು.

"ತಮ್ಮ, ಅದು ಮೊಟ್ಟೆಯದ್ದು."

"ಹತ್ತು ನಿಮಿಷ ಅಕ್ಕ. ಭಾಷಣ ಮುಗಿದ ಕೂಡ್ಲೇ ತರ್ತೇನೆ."

"ಹತ್ತು ನಿಮಿಷದಲ್ಲಿ ಭಾಷಣ ಮುಗಿಸಿದವರನ್ನು ನೀನು ನೋಡಿದ್ದೀಯಾ? ಅದರಲ್ಲಿ ಉಳಿದದ್ದೇ ರಾತ್ರಿವರೆಗಿನದ್ದು. ಬುಧವಾರದ ತನಕ ತೋಡಿನಲ್ಲಿ ನೀರೂ ಇಲ್ಲ. ಗೇಟಿನ ಹೊರಗಿನ ಆ ಜನರೇಟರಿಗೆ ಎಂತ ಆಗಿದೆ?"

"ನನ್ನ ಮರ್ಯಾದೆ ಅಕ್ಕ!"

ಅಕ್ಕ ಬಾಗಿಲು ಬಿಟ್ಟು ಸರಿದರು. "ಒಯ್ಯು. ನಿನ್ನ ಮರ್ಯಾದೆಗೆ ಕಾವು ಕೊಡು" ಎಂದರು.

ಮುಖ್ಯ ಅತಿಥಿಗಳು ಐವತ್ತು ನಿಮಿಷ ಮಾತಾಡಿದರು. ನಿಸರ್ಗವನ್ನು ನಂಬಿದವರಿಗೆ ಬೇರೆ ಆಸರೆ ಬೇಡ ಎಂಬುದು ಭಾಷಣದ ತಿರುಳು. ಧನ್ಯವಾದ ಸಮರ್ಪಣೆಯ ನಡುವೆ ಬ್ಯಾಟರಿಯೂ ಮುಗಿಯಿತು.

ನಾನು ಭಾಷಣದ ಮೊದಲ ಐದು ನಿಮಿಷ ಬರೆದುಕೊಂಡು ಹಿಂದಿನ ಕೋಣೆಗೆ ಮರಳಿದ್ದೆ. ಅಕ್ಕ ನೆಲದಲ್ಲಿ ಕೂತು ಮೊಟ್ಟೆ ಆರಿಸುತ್ತಿದ್ದರು. ಹೇಂಟೆಗಳ ಅಡಿಯಿಂದ ಬಿಳಿ ಕಲ್ಲುಗಳನ್ನು ತೆಗೆದು ಪಕ್ಕಕ್ಕೆ ರಾಶಿ ಹಾಕಿದ್ದರು.

"ಒಂದರ ಅಡಿಗೆ ಹದಿಮೂರು ಹಿಡೀತದೆ. ಇರುವುದು ಅರವತ್ತು" ಎಂದರು. ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪೆನ್ಸಿಲಿನ ಗುರುತು ಓದುತ್ತಿದ್ದರು. "ಮೊದ್ಲು ಎಲ್ಲ ಮನೆಯದ್ದೂ ಎರಡೆರಡು. ಆಮೇಲೆ ಯಾರಿಗೆ ಹಟ್ಟಿಯಲ್ಲಿ ಒಂದೂ ಇಲ್ಲವೋ ಅವರದ್ದು. ನಮ್ಮದು ಕೊನೆಗೆ."

ಕಲ್ಲಿನ ಮೇಲೆ ಹೇಂಟೆಗಳನ್ನು ಯಾಕೆ ಕೂರಿಸಿದ್ದರು ಎಂಬುದು ಆಗ ನನಗೆ ಹೊಳೆಯಿತು. ಕಾವು ಬಿಟ್ಟು ಏಳದಿರಲಿ ಎಂದು ಹದಿನೆಂಟು ದಿನ ಅವಕ್ಕೆ ಅಲ್ಲೇ ಕಾಳು, ಅಲ್ಲೇ ನೀರು ಇಟ್ಟಿದ್ದರು. ತಮ್ಮನ ಚಕ್ರ, ಕಾಕನ ಬ್ಯಾಟರಿ ಎರಡನ್ನೂ ಅವರು ಕೋಳಿಯಷ್ಟು ನಂಬಿರಲಿಲ್ಲ. ಉಳಿದ ಇಪ್ಪತ್ತೊಂದು ಮೊಟ್ಟೆಗಳನ್ನು ಬಿಸಿ ಮಾಡಿದ ಉಮಿಯ ನಡುವೆ ಬಟ್ಟೆಯಲ್ಲಿ ಸುತ್ತಿ ಒಲೆಯ ಹತ್ತಿರ ಇಟ್ಟರು. ಆಮೇಲೆ ಕಾಕನನ್ನು ಕರೆಯಲು ಹೇಳಿದರು.

ಕಾಕ ಬಾಗಿಲ ಹೊರಗೆ ನಿಂತು ಕತ್ತಲಾದ ಪೆಟ್ಟಿಗೆ ನೋಡಿದರು. "ನಾನು ಮೈಕಿನವನ ವ್ಯಾನಿನಲ್ಲಿ ಹೋಗಿ ಬ್ಯಾಟರಿ ತರ್ತೇನೆ ಅಕ್ಕ. ಊಟದ ಜನ ಹೋಗಲಿ, ಇಲ್ದಿದ್ರೆ ಯಜಮಾನ್ರು..."

"ಜನ ಹೋಗುವವರೆಗೆ ಕಾಯ್ಬೇಡಿ. ಎದುರಿನ ಬಾಗಿಲಿನಿಂದಲೇ ತನ್ನಿ. ಗೋಣಿ ಬೇಡ."

ಮಡಂತ್ಯಾರು ಹತ್ತಿರವಿಲ್ಲ, ದಾರಿಯೂ ಒಳ್ಳೆಯದಲ್ಲ. ಕಾಕ ಮರಳುವಾಗ ಸಂಜೆ ನಾಲ್ಕಾಗಿತ್ತು. ಅತಿಥಿಗಳು ಪಾಯಸ ಮುಗಿಸಿ ಅಂಗಳದಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಬಿಳಿ ಟೊಪ್ಪಿಯ ಕಾಕ ಮತ್ತು ಮೈಕಿನವ ಲಾರಿ ಬ್ಯಾಟರಿಯನ್ನು ಎರಡು ಕಡೆಯಿಂದ ಹಿಡಿದು, ಬಲ್ಬಿನ ಕಮಾನಿನ ಅಡಿಯಿಂದ, ಎಲ್ಲರ ನಡುವಿನಿಂದ ಒಳಗೆ ಒಯ್ದರು. "ಇದೇನು?" ಎಂದು ಮುಖ್ಯ ಅತಿಥಿಗಳು ಕೇಳಿದರು. ಯಜಮಾನರು ಉತ್ತರ ಕೊಡುವ ಮೊದಲು ಕಾಕ ನಿಂತು ಹೇಳಿದರು: "ಸ್ವಾವಲಂಬನೆ ಸಾರ್. ಸ್ವಲ್ಪ ಭಾರ ಉಂಟು, ದಾರಿ ಬಿಡಿ."

ನಾನು ಆ ದಿನ ನಡೆದದ್ದನ್ನು ನಡೆದ ಹಾಗೆ ಬರೆದೆ. ನೀರು, ತಿಂಡಿ, ಮೈಕು, ಮೊಟ್ಟೆ ಎಲ್ಲ. ಡೆಸ್ಕಿನವರು ಮೊದಲ ಎರಡು ಪ್ಯಾರಾ ಮತ್ತು ಫೋಟೋ ಉಳಿಸಿದರು. "ಬೆಳಕಿನ ಸಾಧಕನಿಗೆ ಬೆಚ್ಚನೆಯ ಸನ್ಮಾನ" ಎಂದು ಬಂತು. ಮತ್ತೆ ಒಂದು ವಾಕ್ಯವೂ ಸುಳ್ಳಲ್ಲ.

ಬುಧವಾರ ಮರಿಗಳು ಹೊರಬಂದವು. ಹೇಂಟೆಗಳ ಅಡಿಯಲ್ಲಿದ್ದವು ಹೆಚ್ಚಿನವು ಒಡೆದವು. ಉಮಿಯಲ್ಲಿಟ್ಟು ಸಂಜೆ ಮತ್ತೆ ಪೆಟ್ಟಿಗೆ ಸೇರಿದ ಇಪ್ಪತ್ತೊಂದರಲ್ಲಿ ಒಡೆದದ್ದು ನಾಲ್ಕು. ಹನ್ನೊಂದು ಮನೆಗೆ ತಮ್ಮ ತಳಿಯ ಮರಿ ಸಿಕ್ಕಿತು. ಒಂದು ಮನೆಯದ್ದು, ತೋಡಿನ ಆಚೆ ಒಬ್ಬಳೇ ಇದ್ದ ಬ್ಯಾರ್ತಿ ಮುದುಕಿಯದ್ದು, ಒಂದೂ ಒಡೆಯಲಿಲ್ಲ. ಆಕೆಗೆ ಹಿಂದಿನ ವರ್ಷ ಉಳಿದಿದ್ದದ್ದು ಒಂದೇ ಹೇಂಟೆ. ಅದೂ ಈ ನಡುವೆ ಸತ್ತಿತ್ತು. ಅಕ್ಕ ತನ್ನ ಪಾಲಿನ ಆರು ಮರಿಗಳನ್ನು ಬುಟ್ಟಿಗೆ ಹಾಕಿ ತಮ್ಮನ ಕೈಗೆ ಕೊಟ್ಟರಂತೆ. "ನೀನೇ ಹೋಗಿ ಕೊಡು. ನಿಮ್ಮ ತಳಿ ಹೋಯ್ತು, ಇದು ನಮ್ಮದು ಅಂತ ಹೇಳು. ಎಂತಕ್ಕೆ ಹೋಯ್ತು ಅಂತಲೂ ಹೇಳು. ಬೇಕಾದ್ರೆ ಪೇಟ ಕಟ್ಟಿಕೊಂಡು ಹೋಗು." ಯಜಮಾನರು ಪೇಟ ಇಲ್ಲದೆ ಹೋದರು. ಹೇಳಿದರು ಕೂಡ. ಮುದುಕಿ ಮರಿಗಳನ್ನು ತೆಗೆದುಕೊಂಡು, ಬಣ್ಣ ನೋಡಿ, "ನನ್ನದು ಕಪ್ಪು ಚುಕ್ಕಿಯದ್ದು" ಎಂದಷ್ಟೇ ಹೇಳಿದರಂತೆ. ಯಜಮಾನರು ಮೇಜಿನ ಕತೆಯನ್ನು ಆಮೇಲೆ ಹೇಳಿದ್ದನ್ನು ನಾನು ಕೇಳಿಲ್ಲ.

ಮೇ ತಿಂಗಳಲ್ಲಿ ಅಕ್ಕ ಅದೇ ಕಚೇರಿಗೆ ಹೋಗಿ ತನ್ನ ಹೆಸರಿನಲ್ಲಿ ಅರ್ಜಿ ಹಾಕಿದರು. ಮನೆಯ ಪತ್ರ ಅವರದಾದ್ದರಿಂದ ಯಾರ ಸಹಿಯೂ ಬೇಕಾಗಲಿಲ್ಲ. ಮೀಟರು ಚಾವಡಿಯ ಗೋಡೆಯಲ್ಲಿ, ಬಂದವರಿಗೆಲ್ಲ ಕಾಣುವಲ್ಲಿ ಕೂತಿತು. ಅದನ್ನು ಓದಲು ಬರುವವನಿಗೆ ಅಕ್ಕ ಮಜ್ಜಿಗೆ ಕೊಡುತ್ತಿದ್ದರು. ಆ ಹೊತ್ತಿಗೆ ಯಜಮಾನರಿಗೆ ತೋಡಿನ ಕಡೆ ಕೆಲಸ ಬರುತ್ತಿತ್ತು.

ಜುಲೈಯಲ್ಲಿ ನಾನು ಇನ್ನೊಮ್ಮೆ ಹೋದೆ. ಸಂಪಾದಕರು ಕಳಿಸಿದ್ದಲ್ಲ, ನಾನೇ ಹೋದದ್ದು. ಗಾಳಿಗೆ ಮರ ಬಿದ್ದು ಸರಕಾರಿ ಲೈನು ಎರಡು ದಿನದಿಂದ ಇರಲಿಲ್ಲ. ತೋಡು ತುಂಬಿತ್ತು, ಚಕ್ರ ತಿರುಗುತ್ತಿತ್ತು, ಪೆಟ್ಟಿಗೆಯೊಳಗೆ ಬೆಳಕಿತ್ತು. ಹೊಸ ಮೊಟ್ಟೆಗಳು, ಹೊಸ ಪೆನ್ಸಿಲ್ ಗುರುತುಗಳು. ಯಜಮಾನರು ನನ್ನನ್ನು ಕಂಡು ಹಳೆಯ ಹುರುಪಿನಲ್ಲಿ, "ನೋಡಿ, ಈಗ ಯಾವುದು ಓಡ್ತಾ ಉಂಟು ಅಂತ ಬರೀರಿ!" ಎಂದರು.

"ಬರೀಲಿ" ಎಂದರು ಅಕ್ಕ. "ನೀರು ಇಲ್ಲದಾಗ ಲೈನು, ಲೈನು ಹೋದಾಗ ನೀರು."

"ಎರಡೂ ಒಟ್ಟಿಗೆ ಹೋದ್ರೆ?" ನಾನು ಕೇಳಿದೆ.

ಅಕ್ಕ ಮೂಲೆಯ ಕಡೆ ಗಲ್ಲ ಎತ್ತಿ ತೋರಿಸಿದರು. ಮೂರು ಬುಟ್ಟಿಗಳು ಈಗ ಐದಾಗಿದ್ದವು. ಐದು ಹೇಂಟೆಗಳು ಬಿಳಿ ಕಲ್ಲಿನ ಮೇಲೆ ಗಂಭೀರವಾಗಿ ಕೂತಿದ್ದವು.